ಬಾರದ ವಿಮಾನ ನಿಲ್ದಾಣಕ್ಕೆ, ನಾಲ್ಕು ಸೂಟ್‌ಕೇಸುಗಳ ಸಮೇತ

ಚಾಗನೂರು-ಸಿರಿವಾರದ ಬಯಲಿನಲ್ಲಿ ಉದಯಿಸಬೇಕಿದ್ದ, ಇನ್ನೂ ಉದಯಿಸದ ಬಳ್ಳಾರಿ ವಿಮಾನ ನಿಲ್ದಾಣದವರ ಸನ್ನಿಧಿಗೆ ಸಿರುಗುಪ್ಪದ ಒಬ್ಬ ಪ್ರಯಾಣಿಕನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ತಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು ಎಂದು ಕೇಳಿಕೊಳ್ಳುವುದು ವಾಡಿಕೆ. ಆದರೆ ಹುಟ್ಟದವರ ಕ್ಷೇಮ ವಿಚಾರಿಸುವುದು ಹೇಗೆಂದು ನಮಗೆ ಕಾಗದ ಬರೆಯಲು ಕಲಿಸಿದ ಮೇಷ್ಟ್ರು ಹೇಳಿಕೊಟ್ಟಿಲ್ಲ. ತಪ್ಪಿದ್ದರೆ ಮನ್ನಿಸಬೇಕು.

ತಮ್ಮ ಹೆಸರು ಕಿವಿಗೆ ಬಿದ್ದು ಹದಿನೈದು ವರ್ಷ ಆಗಿಹೋಯಿತು. 2010ರಲ್ಲಿ ಸರ್ಕಾರ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಾಗ, ಇನ್ನೇನು ಬಂದೇ ಬಿಟ್ಟಿರಿ ಅಂದುಕೊಂಡೆವು. ತಮಗಾಗಿ 900 ಎಕರೆಗೂ ಮಿಕ್ಕಿದ ಭೂಮಿ ಗುರುತಾಯಿತು. ಅನ್ನ ಕೊಡುವ ಹೊಲ ಬಿಟ್ಟುಕೊಡೆವು ಎಂದು ರೈತರು ಹೋರಾಟಕ್ಕೆ ಕೂತರು. ಅವರದು ತಪ್ಪೆಂದು ಹೇಳುವ ನಾಲಿಗೆ ನನಗಿಲ್ಲ, ನಾನೂ ಒಕ್ಕಲುತನದವರ ಮನೆಯಲ್ಲೇ ಹುಟ್ಟಿದವನು. ಈ ನಡುವೆ ಇಲ್ಲಿ ಏನೇನೋ ಆಯಿತು. 2014ರ ನವೆಂಬರ್ 1ಕ್ಕೆ ‘ಬೆಳ್ಳಾರಿ’ ಎಂಬ ಇಂಗ್ಲಿಷ್ ಕಾಗುಣಿತ ತೀರಿಕೊಂಡು ಬಳ್ಳಾರಿ ಎಲ್ಲ ಭಾಷೆಯಲ್ಲೂ ಬಳ್ಳಾರಿಯಾಯಿತು. ಕುರುಗೋಡು ತಾಲ್ಲೂಕಾಯಿತು. 2021ರಲ್ಲಿ ಜಿಲ್ಲೆಯೇ ಎರಡು ಹೋಳಾಗಿ ಹೊಸಪೇಟೆ ಕಡೆಯವರು ಬೇರೆ ಮನೆ ಮಾಡಿದರು. ತಮಗಿಂತ ಕಿರಿಯರೋ ಹಿರಿಯರೋ ತಿಳಿಯದು, ಕಲಬುರಗಿಯ ವಿಮಾನ ನಿಲ್ದಾಣ 2019ರಲ್ಲಿ, ಶಿವಮೊಗ್ಗದ್ದು 2023ರಲ್ಲಿ ಬಾಗಿಲು ತೆರೆದವು. ತಾವೊಬ್ಬರು ಮಾತ್ರ ಕಾಲಕ್ಕೆ ಸಿಗದ ಋಷಿಯ ಹಾಗೆ ಇದ್ದಲ್ಲೇ ಇದ್ದೀರಿ.

ಬೇಗ ಬನ್ನಿ ಎಂದು ಗೋಗರೆಯಲು ಬರೆದ ಕಾಗದ ಇದಲ್ಲ. ನಿಧಾನಕ್ಕೇ ಬನ್ನಿ. ಬರುವ ಮೊದಲು ನಮ್ಮ ಭಾಮೈದನ ನಾಲ್ಕು ಸೂಟ್‌ಕೇಸುಗಳ ಕಥೆಯನ್ನೊಮ್ಮೆ ಕೇಳಿಸಿಕೊಂಡು ಬನ್ನಿ, ಅಷ್ಟೆ.

ಭಾಮೈದ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹುಡುಗಿಯೊಬ್ಬಳ ಮದುವೆ ಬಳ್ಳಾರಿಯಲ್ಲಿ ನಿಕ್ಕಿಯಾಯಿತು. ಹೊರಡುವ ತಿಂಗಳ ಮೊದಲೇ ಅವನಿಂದ ಮೆಸೇಜು: “ಭಾವ, ಏರ್‌ಪೋರ್ಟ್‌ನಿಂದ ಹೋಟೆಲ್‌ಗೆ ಹೋಗೋಕೆ ಯಾವುದು ಒಳ್ಳೇದು? ಶಟಲ್ಲಾ, ಟ್ರೇನಾ, ಟ್ಯಾಕ್ಸಿನಾ, ಇಲ್ಲಾ ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸಲಾ? ಲಗೇಜು ಜಾಸ್ತಿ ಇದೆ.”

ಈ ಪ್ರಶ್ನೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಶಟಲ್ ಎಂದರೆ ನಮ್ಮ ಹುಡುಗರಿಗೆ ಬ್ಯಾಡ್ಮಿಂಟನ್. ಅತ್ತೆಯವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಇನ್ನೊಂದು ಮಾತಿಗೆ. “ಹೋಟ್ಲಿಗೆ ಯಾಕ ಹೋಗ್ತಾನಂತೆ? ಮನೆಯಾಗ ನಾಷ್ಟ ಮಾಡಂಗಿಲ್ಲಂತೇನು?” ಅವರ ತಪ್ಪಲ್ಲ. ನಮ್ಮ ಸೀಮೆಯಲ್ಲಿ ಹೋಟೆಲ್ ಎಂದರೆ ಒಗ್ಗಾಣಿ-ಮಿರ್ಚಿ ತಿಂದು, ಚಾ ಕುಡಿದು ಎದ್ದು ಬರುವ ಜಾಗ. ಮಲಗುವ ಜಾಗಕ್ಕೆ ಲಾಡ್ಜ್ ಎನ್ನುತ್ತೇವೆ. ಹತ್ತಿರದ ನೆಂಟ ಬಂದು ಲಾಡ್ಜಿನಲ್ಲಿ ಇಳಿದನೆಂದರೆ ಎರಡು ಮನೆಗಳ ನಡುವೆ ಏನೋ ಬಿರುಕು ಬಿಟ್ಟಿದೆ ಎಂದೇ ಅರ್ಥ. ಮದುವೆಮನೆ ಬಳ್ಳಾರಿಯಲ್ಲಿ, ನಮ್ಮ ಮನೆ ಐವತ್ತೈದು ಕಿಲೋಮೀಟರ್ ದೂರದ ಸಿರುಗುಪ್ಪದಲ್ಲಿ, ಅದಕ್ಕೇ ಎರಡು ದಿನ ಅಲ್ಲಿ ರೂಮು ಹಿಡಿದಿದ್ದೇವೆ ಎಂದು ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಚಾ ಆರಿಹೋಗಿತ್ತು.

ಅವನ ಮೂಲ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ. ಏಕೆಂದರೆ ನಮ್ಮೂರಲ್ಲಿ ಆ ಪ್ರಶ್ನೆಯನ್ನು ಹಾಗೆ ಯಾರೂ ಕೇಳುವುದಿಲ್ಲ. ‘ಯಾವ ಗಾಡಿಯಲ್ಲಿ ಹೋಗಲಿ’ ಎಂದು ಕೇಳುವುದಿಲ್ಲ, ‘ಕರಕೊಂಡು ಹೋಗಾಕೆ ಯಾರು ಬರ್ತಾರೆ’ ಎಂದು ಕೇಳುತ್ತಾರೆ. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ಕಿಲೋಮೀಟರ್ ಇದೆ ಎಂಬುದು ನನಗೂ ಗೊತ್ತಿರಲಿಲ್ಲ. ಭಾಮೈದ ಮತ್ತು ಅವನ ಹೆಂಡತಿಯನ್ನು ಎದುರುಗೊಳ್ಳಲು ಬೆಂಗಳೂರಿಗೆ ಹೋಗಿ, ಅಲ್ಲಿಂದ ಅವರ ಜೊತೆಗೇ ವಿಮಾನದಲ್ಲಿ ಬರುವ ಭಾಗ್ಯ ಒದಗಿದ ಮೇಲೆ ಗೊತ್ತಾಯಿತು.

ತಾವು ಇಲ್ಲದ ಕಾರಣ ಬಳ್ಳಾರಿಗೆ ವಿಮಾನದಲ್ಲಿ ಬರುವವರು ತೋರಣಗಲ್ಲಿನಲ್ಲಿ ಇಳಿಯುತ್ತಾರೆ. ಉಕ್ಕಿನ ಕಾರ್ಖಾನೆಯವರು ತಮ್ಮ ಕೆಲಸಕ್ಕೆಂದು ಕಟ್ಟಿಕೊಂಡ ನಿಲ್ದಾಣ ಅದು. 2017ರಿಂದ ಉಡಾನ್ ಯೋಜನೆಯಡಿ ನಮ್ಮಂಥವರಿಗೂ ಅಲ್ಲಿ ಇಳಿಯುವ ಯೋಗ ಬಂತು. ತಾವು ಕೊಡದ ಜಾಗವನ್ನು ಅವರು ಕೊಟ್ಟಿದ್ದಾರೆ, ಅವರ ಮೇಲೆ ನನ್ನ ದೂರಿಲ್ಲ. ಟಿಕೆಟ್ಟಿನ ಮೇಲೆ ಆ ನಿಲ್ದಾಣದ ಹೆಸರು ‘ವಿದ್ಯಾನಗರ’. ಅದನ್ನು ನೋಡಿ ಭಾಮೈದನ ಹೆಂಡತಿ ಗಾಬರಿಯಾಗಿ, “ಅಣ್ಣಾ, ವಿದ್ಯಾನಗರ ಹುಬ್ಬಳ್ಳಿಯೊಳಗಲ್ಲೇನು? ನಾವು ಅಲ್ಲಿಗೆ ಯಾಕೆ ಹೋಗ್ತಿದ್ದೀವಿ?” ಎಂದಳು. ಅವಳು ಓದಿದ್ದು ಹುಬ್ಬಳ್ಳಿಯಲ್ಲಿ. ಆ ವಿದ್ಯಾನಗರ ಬೇರೆ, ಈ ವಿದ್ಯಾನಗರ ಬೇರೆ, ವಿದ್ಯಾರಣ್ಯರ ಹೆಸರಿನಲ್ಲಿ ವಿಜಯನಗರಕ್ಕೇ ಇದ್ದ ಇನ್ನೊಂದು ಹೆಸರು ವಿದ್ಯಾನಗರ ಎಂದು ಅವಳಿಗೆ ವಿವರಿಸುವಾಗ ನನಗೇ ಅನುಮಾನ ಬಂದು ಕಿಟಕಿಯಿಂದ ಕೆಳಗೆ ನೋಡಿದೆ.

ಅದಕ್ಕೂ ಮೊದಲು, ಬೆಂಗಳೂರಿನ ಕೌಂಟರಿನಲ್ಲಿ ನಡೆದ ಒಂದು ಲೆಕ್ಕ ಹೇಳಬೇಕು. ಅಮೆರಿಕದಿಂದ ಬರುವಾಗ ತಲೆಗೆ 23 ಕಿಲೋದ ಎರಡೆರಡು ಪೆಟ್ಟಿಗೆ ತುಂಬಿಕೊಂಡು ಬಂದಿದ್ದರು. ಗಂಡ-ಹೆಂಡತಿ ಸೇರಿ 92 ಕಿಲೋ. ಸಣ್ಣ ವಿಮಾನದ ಟಿಕೆಟ್ಟಿನಲ್ಲಿ ಬರೆದಿದ್ದದ್ದು ತಲೆಗೆ 15. ನನ್ನದು ಬರೀ ಒಂದು ಕೈಚೀಲ. ಹಾಗಾಗಿ ನನ್ನ ಪಾಲಿನ 15 ಕಿಲೋವನ್ನೂ ಅವರಿಗೆ ಧಾರೆ ಎರೆದೆ. ಆದರೂ 47 ಕಿಲೋ ಹೆಚ್ಚಿಗೆ ಉಳಿಯಿತು. ಭಾಮೈದ ಕಾರ್ಡು ಉಜ್ಜಿದ. ಆ ಪೆಟ್ಟಿಗೆಗಳಲ್ಲಿ ಏನಿತ್ತು ಎಂದು ಕೇಳಬೇಡಿ. ಚಾಕೊಲೇಟು, ಶಾಂಪೂ, ಯಾರದೋ ಮಗನಿಗೆ ಬೂಟು, ಮತ್ತು ಒಂದು ಜೀನ್ಸ್ ಪ್ಯಾಂಟುಗಳ ಕಟ್ಟು. ಜೀನ್ಸ್ ಹೊಲಿದು ಊರೂರಿಗೆ ಕಳಿಸುವ ಬಳ್ಳಾರಿಗೆ ಅಮೆರಿಕದಿಂದ ಜೀನ್ಸು! ಎಲ್ಲೆಲ್ಲೋ ಸುತ್ತಿ ಬಂದ ನೀರು ಕಡೆಗೆ ಹಳ್ಳಕ್ಕೇ ಬರುತ್ತದಲ್ಲ, ಹಾಗೆ.

ವಿಮಾನವೇನೋ ಗಂಟೆಯೊಳಗೆ ಇಳಿಸಿತು. ಬಾಗಿಲು ತೆರೆದದ್ದೇ ತಡ, ನಮ್ಮ ಬಿಸಿಲು ಒಳಗೆ ಬಂದು ಎಲ್ಲರ ಕೈಕುಲುಕಿತು. ಬೆಂಗಳೂರಿನಲ್ಲಿ ಪೆಟ್ಟಿಗೆಗಾಗಿ ಅರ್ಧ ಗಂಟೆ ಕಾದವರಿಗೆ ಇಲ್ಲಿ ಹತ್ತು ನಿಮಿಷದಲ್ಲಿ ನಾಲ್ಕೂ ಕೈಗೆ ಬಂದವು. ಇಷ್ಟು ಸುಖ ನಾನು ನಿರೀಕ್ಷಿಸಿರಲಿಲ್ಲ. ಹೊರಗೆ ಬಂದರೆ ಅಲ್ಲಿ ಬಿಳಿ ಕಾರುಗಳ ಸಾಲು. ಒಂದೊಂದರ ಮುಂದೆ ಒಬ್ಬೊಬ್ಬ ಡ್ರೈವರು, ಕೈಯಲ್ಲಿ ಹೆಸರು ಬರೆದ ಹಾಳೆ. ನಮ್ಮ ಜೊತೆ ಇಳಿದವರು ಒಬ್ಬೊಬ್ಬರೇ ತಮ್ಮ ಹೆಸರು ಹುಡುಕಿಕೊಂಡು, ಡಿಕ್ಕಿಗೆ ಬ್ಯಾಗು ಎಸೆದು, ಎ.ಸಿ. ಹಾಕಿಸಿಕೊಂಡು ಹೊರಟುಹೋದರು. ಮದುವೆ ಊಟದ ಪಂಕ್ತಿ ಎದ್ದಷ್ಟೇ ಬೇಗ ಜಾಗ ಖಾಲಿಯಾಯಿತು. ಹಾಳೆಯಲ್ಲಿ ಹೆಸರಿಲ್ಲದ ನಾವು ಮೂವರು, ನಾಲ್ಕು ಸೂಟ್‌ಕೇಸು, ಒಂದು ಕೈಚೀಲ ಉಳಿದೆವು. ವಿಮಾನಕ್ಕೆ ತಾಳೆಯಾಗಿ ಹೊರಡುವ ಬಸ್ಸು ಆವತ್ತು ನಮ್ಮ ಕಣ್ಣಿಗೆ ಬೀಳಲಿಲ್ಲ. ಭಾಮೈದ ಫೋನು ತೆಗೆದು ಟ್ಯಾಕ್ಸಿಯ ಆಪ್ ಒತ್ತಿದ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಹತ್ತು ನಿಮಿಷದ ಮಟ್ಟಿಗೆ ನಮ್ಮ ಸುತ್ತ ಓಡಾಡುತ್ತಿದ್ದ ಚಕ್ರ ಅದೊಂದೇ.

ಕಡೆಗೆ ಒಬ್ಬ ಟ್ಯಾಕ್ಸಿಯವನು ಸಿಕ್ಕ.

“ಬಳ್ಳಾರಿಗೇನ್ರಿ? ಎರಡು ಸಾವಿರ ಕೊಡ್ರಿ.”

“ಮೂವತ್ತು ಚಿಲ್ರೆ ಕಿಲೋಮೀಟ್ರಿಗೆ ಎರಡು ಸಾವಿರಾನಾ?”

“ಕಿಲೋಮೀಟ್ರು ಅಷ್ಟೇ ಸಾರ್. ವಾಪಸ್ ಖಾಲಿ ಬರ್ಬೇಕಲ್ಲ, ಅದನ್ನ ಯಾರು ಕೊಡ್ತಾರ?”

ಇದಕ್ಕೆ ಪ್ರತಿಯಾಗಿ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಅವನ ಲೆಕ್ಕ ಸರಿಯೇ ಇದೆ. ದಿನಕ್ಕೆ ಬೆರಳೆಣಿಕೆಯ ವಿಮಾನ ಇಳಿಯುವ ಕಡೆ, ಬಿಟ್ಟು ಬಂದ ಗಾಡಿಗೆ ವಾಪಸಾಗುವಾಗ ಗಿರಾಕಿ ಎಲ್ಲಿ? ಅವನು ನಮ್ಮಿಂದ ಕೇಳಿದ್ದು ನಮ್ಮ ಬಾಡಿಗೆ ಮತ್ತು ನಾವು ಇಲ್ಲದಿರುವುದರ ಬಾಡಿಗೆ. ಹವಾಯಿ ಚಪ್ಪಲಿ ಮೆಟ್ಟಿದವರೂ ವಿಮಾನ ಹತ್ತಬೇಕೆಂಬ ಆಸೆಯಿಂದ ಉಡಾನ್ ಶುರುಮಾಡಿದಾಗ, ಗಂಟೆಯ ಹಾರಾಟಕ್ಕೆ 2,500 ರೂಪಾಯಿ ದಾಟದ ಹಾಗೆ ಕೆಲವು ಸೀಟುಗಳನ್ನು ಕಾದಿರಿಸಿದ್ದರು. ಚಪ್ಪಲಿಯವನು ಹತ್ತುವುದನ್ನು ಯೋಚಿಸಿದ್ದಾರೆ. ಇಳಿದ ಮೇಲೆ ಆ ಚಪ್ಪಲಿಯಲ್ಲೇ ನಡೆಯುತ್ತಾನೆ ಎಂದುಕೊಂಡಿರಬೇಕು.

ಎರಡು ಸಾವಿರಕ್ಕೂ ಭಾಮೈದ ಒಪ್ಪಿದ. ಡಾಲರಿಗೆ ಭಾಗಿಸಿ ನೋಡಿಕೊಂಡಿರಬೇಕು, ಮುಖದಲ್ಲಿ ಸಮಾಧಾನ ಮೂಡಿತು. ಟ್ಯಾಕ್ಸಿಯವನು ಡಿಕ್ಕಿ ತೆರೆದ. ಒಳಗೆ ಅಡ್ಡಡ್ಡ ಮಲಗಿತ್ತು ಒಂದು ಗ್ಯಾಸಿನ ಸಿಲಿಂಡರು. ಪೆಟ್ರೋಲು ತುಟ್ಟಿಯಾದ ಮೇಲೆ ಅರ್ಧಕ್ಕರ್ಧ ಟ್ಯಾಕ್ಸಿಗಳು ಹೀಗೆ ಬಸುರಿಯಾಗಿವೆ. ಸಿಲಿಂಡರಿನ ಪಕ್ಕದಲ್ಲಿ ಉಳಿದ ಸಂದಿಗೆ ಒಂದು ಸ್ಟೆಪ್ನಿ, ಒಂದು ಬಕೀಟು, ಒಂದು ಮಡಿಚಿದ ಒರಸುಬಟ್ಟೆ. ಸೂಟ್‌ಕೇಸನ್ನು ಉದ್ದ ಇಟ್ಟು ನೋಡಿದೆವು, ಅಡ್ಡ ಇಟ್ಟು ನೋಡಿದೆವು, ನಿಲ್ಲಿಸಿ ಡಿಕ್ಕಿಯ ಬಾಗಿಲು ಒತ್ತಿ ನೋಡಿದೆವು. ಬಾಗಿಲು ‘ಧಡ್’ ಎಂದು ವಾಪಸು ಎದ್ದು ಭಾಮೈದನ ಗಲ್ಲಕ್ಕೆ ತಾಗಿತು. ಒಂದು ಪೆಟ್ಟಿಗೆ ಮುಂದಿನ ಸೀಟಿಗೆ, ಇನ್ನೊಂದು ಹಿಂದಿನ ಸೀಟಿಗೆ, ಅದರ ಪಕ್ಕ ಒಬ್ಬರು. ಹಾಗಾದರೆ ಉಳಿದ ಇಬ್ಬರು ಮನುಷ್ಯರು ಮತ್ತು ಎರಡು ಪೆಟ್ಟಿಗೆ ಇನ್ನೊಂದು ಟ್ಯಾಕ್ಸಿಗೆ. ಇನ್ನೊಂದು ಟ್ಯಾಕ್ಸಿ ಇರಲಿಲ್ಲ. ಇದ್ದಿದ್ದರೆ ಅದರ ಹೊಟ್ಟೆಯಲ್ಲೂ ಒಂದು ಸಿಲಿಂಡರು ಇರುತ್ತಿತ್ತು.

ಆಗ ನನಗೆ ಹೊಳೆದದ್ದು ಇದು. ವಾಹನ ಆರಿಸುವುದು ನಾವು ಎಂದುಕೊಂಡು ತಿಂಗಳುಗಟ್ಟಲೆ ಮೆಸೇಜು ಮಾಡಿದೆವು. ಆರಿಸಿದ್ದು ಸೂಟ್‌ಕೇಸು. ಅದರ ಅಗಲಕ್ಕೆ ಒಗ್ಗಿದ ವಾಹನದಲ್ಲಿ ಅದು ಹೋಗುತ್ತದೆ, ನಾವು ಅದರ ಹಿಂದೆ.

ಕೊನೆಗೆ ಹೆದ್ದಾರಿಯ ತನಕ ಆಪೆ ಆಟೋ, ಅಲ್ಲಿಂದ ಬಸ್ಸು ಎಂದು ತೀರ್ಮಾನವಾಯಿತು. ಆಪೆಯಲ್ಲಿ ಸೂಟ್‌ಕೇಸುಗಳು ಸೀಟಿನ ಮೇಲೆ ಕೂತವು, ನಾವು ಅಂಚಿನಲ್ಲಿ. ತೋರಣಗಲ್ಲಿನ ಬಸ್ ಸ್ಟಾಪಿನಲ್ಲಿ ಅದಿರು ಲಾರಿಗಳು ಒಂದರ ಹಿಂದೊಂದು ಕೆಂಪು ಧೂಳು ಎಬ್ಬಿಸುತ್ತಿದ್ದವು. ಡಲ್ಲಾಸಿನಿಂದ ಬರುವಾಗ ಬೂದು ಬಣ್ಣದ್ದಾಗಿದ್ದ ಪೆಟ್ಟಿಗೆಗಳು ಕಾಲು ಗಂಟೆಯಲ್ಲಿ ಈ ಜಿಲ್ಲೆಯ ಪೌರತ್ವ ಪಡೆದವು. ಅಲ್ಲೇ ಸ್ವಲ್ಪ ಹೊತ್ತಿನ ಹಿಂದೆ ರೈಲಿಳಿದಿದ್ದ ಒಂದಿಪ್ಪತ್ತು ಹುಡುಗರು ನಿಂತಿದ್ದರು, ಹೊರರಾಜ್ಯದಿಂದ ಕೆಲಸಕ್ಕೆ ಬಂದವರು. ಅವರ ಲಗೇಜು ಎಂದರೆ ಖಾಲಿ ಪೇಂಟಿನ ಡಬ್ಬಿ. ಅದರೊಳಗೆ ಬಟ್ಟೆ, ತಟ್ಟೆ, ಲೋಟ, ಮೇಲೆ ಮುಚ್ಚಳ. ಹಿಡಿಯಲು ಹಿಡಿಕೆ ಇದೆ, ಕೂರಲು ಸ್ಟೂಲಾಗುತ್ತದೆ, ನೀರು ತುಂಬಿದರೆ ಸ್ನಾನಕ್ಕೂ ಆದೀತು. ಅವರನ್ನು ಕರೆದೊಯ್ಯಲು ಮೇಸ್ತ್ರಿ ಕಳಿಸಿದ ಗಾಡಿ ಬಂತು, ಇಪ್ಪತ್ತು ಜನ ಇಪ್ಪತ್ತು ಡಬ್ಬಿ ಸಮೇತ ಎರಡು ನಿಮಿಷದಲ್ಲಿ ಹತ್ತಿ ಹೋದರು. ಭಾಮೈದ ಆ ಡಬ್ಬಿಗಳನ್ನೇ ನೋಡುತ್ತಿದ್ದ.

ಬಸ್ಸು ಬಂತು. ಕಂಡಕ್ಟರು ಸೂಟ್‌ಕೇಸುಗಳನ್ನು ಮೇಲಿಂದ ಕೆಳಗೆ ನೋಡಿ, “ಏನ್ ಸಾರ್ ಇವು, ಎಮ್ಮಿ ಕರ ಇದ್ದಂಗದಾವು!” ಎಂದ. ಹಿಂದೆಲ್ಲ ಬಸ್ಸಿನ ಟಾಪಿಗೆ ಏಣಿ ಇರುತ್ತಿತ್ತು. ಮೂಟೆ, ಟ್ರಂಕು, ಸೈಕಲ್ಲು, ಕುರಿ ಎಲ್ಲ ಮೇಲೆ ಹೋಗುತ್ತಿದ್ದವು. ಈಗ ಟಾಪಿಲ್ಲ, ಏಣಿಯೂ ಇಲ್ಲ. ಎಳೆದು ಒಳಗೆ ಹಾಕಿ, ನಡುವಿನ ಓಣಿಯಲ್ಲಿ ನಾಲ್ಕನ್ನೂ ಸಾಲಾಗಿ ನಿಲ್ಲಿಸಿದೆವು. ಟಿಕೆಟಿನ ಸರದಿ ಬಂದಾಗ ಕಂಡಕ್ಟರು ಭಾಮೈದನ ಹೆಂಡತಿಯನ್ನು ಕೇಳಿದ: “ಆಧಾರ್ ಐತೇನಮ್ಮ?” ಅವಳ ಪರ್ಸಿನ ಮೂಲೆಯಲ್ಲಿ ಮದುವೆಗೆ ಮುಂಚಿನ, ಹುಬ್ಬಳ್ಳಿ ವಿಳಾಸದ ಹಳೇ ಕಾರ್ಡು ಇತ್ತಂತೆ. ತೆಗೆಯಲು ನಾಚಿಕೆಯಾಗಿ ದುಡ್ಡು ಕೊಟ್ಟಳು. ಪಕ್ಕದಲ್ಲಿ ಕೂತಿದ್ದ ಹೆಂಗಸರೆಲ್ಲ ಅವಳನ್ನು ತಬ್ಬಲಿಯನ್ನು ನೋಡುವ ಹಾಗೆ ನೋಡಿದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾದಾ ಬಸ್ಸಿನಲ್ಲಿ ಈ ರಾಜ್ಯದ ಹೆಣ್ಣುಮಕ್ಕಳು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ಸೂಟ್‌ಕೇಸಿಗೆ ಮಾತ್ರ ಆ ಸೌಲಭ್ಯವಿಲ್ಲ, ಲಗೇಜ್ ಟಿಕೆಟ್ ಹರಿಸಿಕೊಂಡೆವು.

ತಾವು ಎಂದಾದರೂ ನಾಲ್ಕು ಗಾಲಿಯ ಸೂಟ್‌ಕೇಸು ನೋಡಿದ್ದೀರಾ? ಮುಂದೆ ತಮ್ಮ ನುಣುಪು ನೆಲದ ಮೇಲೆ ಬೇಕಾದಷ್ಟು ಓಡಾಡುತ್ತವೆ. ಎಲ್ಲಿ ತಳ್ಳಿದರೂ ಆ ಕಡೆಗೆ ಹೋಗುವುದು ಅದರ ಹೆಚ್ಚುಗಾರಿಕೆ. ಬಸ್ಸಿನಲ್ಲಿ ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಅವು ಆ ಹೆಚ್ಚುಗಾರಿಕೆ ತೋರಿಸಿದವು. ಮೊದಲನೇ ಬ್ರೇಕಿಗೆ ನಾಲ್ಕೂ ಕೂಡಿ ಗೇರುಪೆಟ್ಟಿಗೆಯ ತನಕ ಓಡಿದವು. ಬಸ್ಸು ಮತ್ತೆ ಎಳೆದಾಗ ಹಿಂದಿನ ಸೀಟಿನವರ ಮೊಳಕಾಲಿಗೆ ಬಂದು ಬಡಿದವು. ಭಾಮೈದ ಎರಡು ಹಿಡಿದ, ನಾನೊಂದು ಹಿಡಿದೆ, ನಾಲ್ಕನೆಯದು ಯಾರ ಕೈಗೂ ಸಿಗದೆ ಬಸ್ಸಿನ ತುಂಬ ವಿಹಾರ ಮಾಡಿತು. ಕುಡತಿನಿಯ ಹತ್ತಿರ ಒಬ್ಬ ಮುದುಕಿ ಹತ್ತಿದಳು. ಆ ಸೂಟ್‌ಕೇಸನ್ನು ಒಂದು ಸಲ ನೋಡಿ, ತನ್ನ ಕಾಯಿಪಲ್ಲೆ ಬುಟ್ಟಿಯನ್ನು ಅದರ ಗಾಲಿಗೆ ಆನಿಸಿ ಇಟ್ಟು, ಮೇಲೆ ತಾನೇ ಕೂತುಬಿಟ್ಟಳು. ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತು. “ಕುಂದರಾಕ ಚಲೋ ಐತಪ್ಪ, ಎಷ್ಟು ಕೊಟ್ಟಿ?” ಎಂದು ಭಾಮೈದನನ್ನು ಕೇಳಿದಳು.

ಕುಡತಿನಿ ಎಂದಾಗ ನೆನಪಾಯಿತು. ಅಲ್ಲಿ ಹೊಸಶಿಲಾಯುಗದ ಬೂದಿದಿಬ್ಬವಿದೆ, ಆ ಕಾಲದ ದನಗಾಹಿಗಳು ಸಗಣಿ ಒಟ್ಟಿ ಸುಟ್ಟು ಬಿಟ್ಟುಹೋದ ಬೂದಿ. ಅಲ್ಲಿಯೇ ಈಗ ಕಲ್ಲಿದ್ದಲು ಸುಡುವ ಶಾಖೋತ್ಪನ್ನ ವಿದ್ಯುತ್ ಸ್ಥಾವರವೂ ಇದೆ. ನಾಲ್ಕು ಸಾವಿರ ವರ್ಷದಿಂದ ಆ ಊರಿನವರು ಬೂದಿಗೆ ಒಗ್ಗಿಕೊಂಡು ಬಂದಿದ್ದಾರೆ. ಕಿಟಕಿಯಿಂದ ತೋರಿಸಿ ಇದನ್ನೆಲ್ಲ ಹೇಳೋಣವೆಂದಿದ್ದೆ. ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದವನಿಗೆ ಪುರಾತತ್ವ ಬೇಡವಾಗಿತ್ತು.

ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಇಳಿಸುವಾಗ ಮುದುಕಿ ಕೂತಿದ್ದ ಪೆಟ್ಟಿಗೆಯ ಒಂದು ಗಾಲಿ ಬಸ್ಸಿನ ಮೆಟ್ಟಿಲಿಗೆ ಸಿಕ್ಕಿ ಕಿತ್ತು ಬಂತು. ಉಳಿದ ಮೂರರ ಮೇಲೆ ಅದು ಕುಂಟಿಕೊಂಡು ಬರುವುದನ್ನು ನೋಡಿ ಆಟೋದವನೊಬ್ಬ ಕನಿಕರಪಟ್ಟು ದರ ಇಳಿಸಿದ. ಲಾಡ್ಜ್ ತಲುಪಿದಾಗ ಗಡಿಯಾರ ನೋಡಿಕೊಂಡೆವು. ಮುನ್ನೂರು ಕಿಲೋಮೀಟರಿಗೆ ಗಂಟೆಯೊಳಗೆ, ಮೂವತ್ತು ಕಿಲೋಮೀಟರಿಗೆ ಎರಡೂವರೆ ಗಂಟೆ. ರೂಮು ಮೂರನೇ ಮಹಡಿಯಲ್ಲಿತ್ತು, ಲಿಫ್ಟು ‘ರಿಪೇರಿಯಲ್ಲಿದೆ’ ಎಂಬ ಹಾಳೆ ಅಂಟಿಸಿಕೊಂಡು ನಿಂತಿತ್ತು. ಅದನ್ನು ಬಿಡಿ.

ಬೆಂಗಳೂರಿನ ಉದಾಹರಣೆ ಕೊಟ್ಟರೆ ತಮಗೆ ಸಿಟ್ಟು ಬರಬಹುದು, ಎಲ್ಲರೂ ಅದನ್ನೇ ಕೊಡುತ್ತಾರೆ. ಆದರೂ ಒಂದು ಮಾತು. ದೇವನಹಳ್ಳಿಯ ನಿಲ್ದಾಣಕ್ಕೂ ಮೆಜೆಸ್ಟಿಕ್‌ಗೂ ನಡುವೆ ಇರುವ ದೂರ ಹೆಚ್ಚೂಕಡಿಮೆ ತೋರಣಗಲ್ಲಿಗೂ ಬಳ್ಳಾರಿಗೂ ಇರುವಷ್ಟೇ. ಅಲ್ಲಿ 2008ರಲ್ಲಿ ವಿಮಾನ ಇಳಿಯತೊಡಗಿದ ಮೇಲೆ ವಾಯುವಜ್ರ ಬಸ್ಸುಗಳು ಹೊತ್ತು ಗೊತ್ತಿಲ್ಲದೆ ಓಡುತ್ತವೆ, ಒಳಗೆ ಪೆಟ್ಟಿಗೆ ಇಡಲು ಕಂಬಿ ಹಾಕಿದ ಜಾಗವಿದೆ. ಅಲ್ಲಿ ಸಾವಿರಾರು ಜನ ಇಳಿಯುತ್ತಾರೆ, ಇಲ್ಲಿ ಎಪ್ಪತ್ತು ಜನ, ಹೋಲಿಕೆ ಎಲ್ಲಿಯದು ಎನ್ನುತ್ತೀರಿ. ಒಪ್ಪಿದೆ. ಆದರೆ ಎಪ್ಪತ್ತು ಜನ ಒಂದೇ ಗಳಿಗೆಗೆ, ಒಂದೇ ಬಾಗಿಲಿನಿಂದ, ಮೊದಲೇ ಗೊತ್ತಿದ್ದ ವೇಳೆಗೆ ಇಳಿಯುತ್ತಾರೆ ಎಂದರೆ ಬಸ್ಸಿನವರಿಗೆ ಅದಕ್ಕಿಂತ ಸುಲಭದ ಲೆಕ್ಕ ಇನ್ನೊಂದಿದೆಯೇ? ನಮ್ಮ ಅಜ್ಜನ ಕಾಲದಲ್ಲಿ ಸ್ಟೇಷನ್ನಿನ ಹೊರಗೆ ಜಟಕಾಗಳು ರೈಲಿನ ಸಿಳ್ಳೆಗೆ ಕಾದು ನಿಲ್ಲುತ್ತಿದ್ದವು. ಆಮೇಲೆ ಎಷ್ಟೋ ಊರುಗಳಲ್ಲಿ ‘ರೈಲಿನ ಬಸ್ಸು’ ಎಂದೇ ಒಂದು ಬಸ್ಸು ಇತ್ತು. ರೈಲು ತಡವಾದರೆ ಅದೂ ತಡ. ಡ್ರೈವರು ಬೀಡಿ ಸೇದುತ್ತ, ಕೈಕಂಬ ಬೀಳುವುದನ್ನು ನೋಡುತ್ತ ಕೂತಿರುತ್ತಿದ್ದ. ಆ ಬಸ್ಸನ್ನು ಯಾವ ತಜ್ಞರ ಸಮಿತಿಯೂ ಕಂಡುಹಿಡಿಯಲಿಲ್ಲ. ಇಳಿದವನು ಎಲ್ಲಿಗೋ ಹೋಗಬೇಕಲ್ಲ ಎಂಬ ಲೋಕರೂಢಿಯ ಜ್ಞಾನದಿಂದ ಅದು ಹುಟ್ಟಿತ್ತು. ರೈಲಿಗೆ ಕಾಯಲು ಬಂದ ಬುದ್ಧಿ ವಿಮಾನಕ್ಕೆ ಕಾಯಲು ಬರಲಿಲ್ಲ. ಏಕೆಂದರೆ ವಿಮಾನದಲ್ಲಿ ಬರುವವನಿಗೆ ಕಾರಿದ್ದೇ ಇರುತ್ತದೆ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಗಣಿ ಹಣ ಹೊಳೆಯಾಗಿ ಹರಿದ ದಿನಗಳಲ್ಲಿ ನಮ್ಮ ಜೋಳದ ಹೊಲಗಳ ಮೇಲೆ ಹೆಲಿಕಾಪ್ಟರುಗಳು ಹಾರಾಡಿದ್ದವು, ಹುಡುಗರು ಅವುಗಳ ನೆರಳಿನ ಹಿಂದೆ ಓಡುತ್ತಿದ್ದರು. ಆಕಾಶದಿಂದ ಇಳಿಯುವವನು ಬಸ್ಸು ಹತ್ತುತ್ತಾನೆ ಎಂದು ಆ ಹುಡುಗರು ಹೇಗೆ ನಂಬಿಯಾರು? ಅವರೇ ಈಗ ಆಫೀಸುಗಳಲ್ಲಿ ಕೂತಿರಬಹುದು.

ಮದುವೆ ಮುಗಿದ ಮೇಲೆ ನಮ್ಮ ಕಣ್ಣು ತೆರೆಯಿತು. ಕುರುಗೋಡಿನ ದೊಡ್ಡಬಸವೇಶ್ವರನಿಗೆ ಹರಕೆ ಇತ್ತು, ಅಲ್ಲಿಂದ ಸಿರುಗುಪ್ಪದ ಮನೆಗೆ ಹೋಗಬೇಕಿತ್ತು. ಈ ಸಲ ಯಾರನ್ನೂ ಕೇಳದೆ ಒಂದು ಕ್ರೂಸರ್ ಹೇಳಿಬಿಟ್ಟೆ. ನಮ್ಮ ಕಡೆಯ ಪುಷ್ಪಕ ವಿಮಾನ ಎಂದರೆ ಕ್ರೂಸರೇ. ಒಳಗೆ ಹತ್ತು ಜನ ಎಂದು ಬರೆದಿರುತ್ತದೆ, ಹದಿನಾರು ಜನ ಕೂರುತ್ತಾರೆ, ಮೇಲೆ ಕಬ್ಬಿಣದ ಕ್ಯಾರಿಯರು. ಡ್ರೈವರ್ ಹುಡುಗ ಚಪ್ಪಲಿ ಕಳಚಿ ಮೇಲೆ ಹತ್ತಿ, ಕೆಳಗಿನಿಂದ ನಾವು ಎತ್ತಿಕೊಟ್ಟ ಪೆಟ್ಟಿಗೆಗಳನ್ನು ಮಗುವನ್ನು ಮಲಗಿಸುವ ಹಾಗೆ ಒಂದೊಂದಾಗಿ ಮಲಗಿಸಿದ. ಗಾಲಿ ಮೇಲ್ಮುಖವಾಗಿ. “ಗಾಲಿ ಕೆಳಗಿಟ್ರೆ ಓಡ್ತಾವು ಸಾರ್, ಅಂಗಾತ ಹಾಕ್ಬೇಕು” ಎಂದ. ಡಲ್ಲಾಸಿನಿಂದ ಬಳ್ಳಾರಿಯ ತನಕ ಆ ಪೆಟ್ಟಿಗೆಗಳ ಸ್ವಭಾವವನ್ನು ಅರ್ಥಮಾಡಿಕೊಂಡ ಮೊದಲ ಮನುಷ್ಯ ಅವನು. ಮೇಲೆ ತಾಡಪಾಲು ಹೊದಿಸಿ, ಸೆಣಬಿನ ಹಗ್ಗದಿಂದ ಎರಡು ಸುತ್ತು ಬಿಗಿದು, ಗಂಟನ್ನು ಹಲ್ಲಿನಿಂದ ಎಳೆದ. ಸಿರುಗುಪ್ಪ ಮುಟ್ಟುವ ತನಕ ಒಂದು ಸಲವೂ ಲಗೇಜಿನ ಮಾತು ಬರಲಿಲ್ಲ.

ಕುರುಗೋಡಿನಲ್ಲಿ ಆ ಏಕಶಿಲೆಯ ಬಸವಣ್ಣನ ಮುಂದೆ ಭಾಮೈದ ಬಹಳ ಹೊತ್ತು ನಿಂತ. ಭಕ್ತಿಯೋ ಎಂದುಕೊಂಡೆ. “ಭಾವ, ಇದನ್ನ ಹೆಂಗೆ ತಂದ್ರು?” ಎಂದ. ಅವನ ತಲೆಯಲ್ಲಿ ಇನ್ನೂ ಕಿಲೋ ಲೆಕ್ಕವೇ ಓಡುತ್ತಿತ್ತು. ಸಿರುಗುಪ್ಪದ ದಾರಿಯುದ್ದಕ್ಕೂ ಕಾಲುವೆ, ಭತ್ತದ ಗದ್ದೆ, ರೈಸ್ ಮಿಲ್ಲು. ಮನೆ ಮುಟ್ಟಿದ ಮೇಲೆ ಅತ್ತೆಯವರು ಒಂದು ಇಪ್ಪತ್ತೈದು ಕಿಲೋ ಸೋನಾ ಮಸೂರಿ ಪ್ಯಾಕೆಟನ್ನು ಪಡಸಾಲೆಯಲ್ಲಿ ತಂದಿರಿಸಿದರು. “ಹೋಗುವಾಗ ತಗೊಂಡು ಹೋಗು, ಅಲ್ಲಿ ಇಂಥ ಅಕ್ಕಿ ಎಲ್ಲಿ ಸಿಗ್ತೈತೆ.” ಮಗ ತಾಯಿಯ ಮುಖ ನೋಡಿದ, ಆಮೇಲೆ ನನ್ನ ಮುಖ. ಬೇಡವೆನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಇನ್ನು ತಮ್ಮಲ್ಲಿ ಬಿನ್ನಹ. ತಾವು ಬರುವುದಾದರೆ ಊರಿಗೆ ಈಗಿನದಕ್ಕಿಂತ ಹತ್ತಿರವೇ ಬರುತ್ತೀರಿ, ಸಂತೋಷ. ಗಾಜಿನ ಗೋಡೆ, ಹಂಪಿಯ ಕಲ್ಲಿನ ರಥದ ನಮೂನೆ, ಬಾಗಿಲಲ್ಲಿ ಸೆಲ್ಫಿ ತೆಗೆದುಕೊಳ್ಳಲು ಊರಿನ ಹೆಸರಿನ ದೊಡ್ಡ ಅಕ್ಷರಗಳು, ಎಲ್ಲ ಇರಲಿ. ಅದರ ಜೊತೆಗೆ ಹೊರಗೆ ಒಂದು ಬೇವಿನ ಮರ, ಅದರ ಕೆಳಗೆ ವಿಮಾನಕ್ಕೆ ಕಾಯುವ ಒಂದು ಬಸ್ಸು, ಆ ಬಸ್ಸಿನ ಟಾಪಿಗೆ ಒಂದು ಏಣಿ ಇರುವ ಹಾಗೆ ನಕ್ಷೆಯಲ್ಲಿ ಗುರುತು ಹಾಕಿಸಿಕೊಂಡೇ ಬನ್ನಿ. ಬಸ್ಸು ಬಳ್ಳಾರಿಗೊಂದು, ಸಾಧ್ಯವಾದರೆ ಸಿರುಗುಪ್ಪದ ಕಡೆಗೂ ಒಂದು. ನಮಗೆ ರೈಲೂ ಇಲ್ಲ. ಕುರುಗೋಡಿನವರು ಹೇಗೂ ದಾರಿಯಲ್ಲಿ ಕೈ ಮಾಡುತ್ತಾರೆ. ಬೇವಿನ ಮರವನ್ನು ಈಗಲೇ ನೆಟ್ಟರೆ ಒಳ್ಳೆಯದು. ತಾವು ಬರುವ ಹೊತ್ತಿಗೆ ಅದು ಖಂಡಿತ ನೆರಳು ಕೊಡುತ್ತಿರುತ್ತದೆ.

ಭಾಮೈದ ವಾಪಸು ಹೋಗುವಾಗ ವಿಮಾನದ ಮಾತೆತ್ತಲಿಲ್ಲ. ತಾನೇ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಎ.ಸಿ. ಎರಡನೇ ದರ್ಜೆ ಬುಕ್ ಮಾಡಿಕೊಂಡ. ಅದರಲ್ಲಿ ತಲೆಗೆ 50 ಕಿಲೋ ಪುಕ್ಕಟೆ, ಗಂಡ-ಹೆಂಡತಿಗೆ ನೂರು. ಚಾಕೊಲೇಟು, ಶಾಂಪೂ, ಬೂಟು, ಜೀನ್ಸು ಎಲ್ಲ ಖರ್ಚಾಗಿ ಆ ಜಾಗಕ್ಕೆ ಒಂದಿಷ್ಟು ಶೇಂಗಾ ಚಟ್ನಿಪುಡಿ ಬಂದಿತ್ತು. ಅಕ್ಕಿ ಸೇರಿದ ಮೇಲೂ ಒಂದೆರಡು ಕಿಲೋ ಉಳಿದಿತ್ತು. ಬಳ್ಳಾರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಹಮಾಲಿಯೊಬ್ಬ ಬಂದು, ಮೂರು ಗಾಲಿಯ ಪೆಟ್ಟಿಗೆಯನ್ನು ತಲೆಗೇರಿಸಿ, ಇನ್ನೊಂದನ್ನು ಹೆಗಲಿಗೆ ಸಿಕ್ಕಿಸಿಕೊಂಡು, “ಯಾವ ಡಬ್ಬಿ ಸಾರ್?” ಎಂದ. ಭಾಮೈದ ಹೇಳಿದ. ಅವನು ಪ್ಲಾಟ್‌ಫಾರಮ್ಮಿನ ಒಂದು ಕಂಬದ ಹತ್ತಿರ ಹೋಗಿ ಪೆಟ್ಟಿಗೆ ಇಳಿಸಿ ನಿಂತ. ರೈಲು ಬಂದು ನಿಂತಾಗ ಡಬ್ಬಿಯ ಬಾಗಿಲು ಸರಿಯಾಗಿ ಆ ಕಂಬದ ಎದುರಿಗೇ ಇತ್ತು.

ಇತಿ ತಮ್ಮ ಆಗಮನದ ನಿರೀಕ್ಷೆಯಲ್ಲಿರುವ,
ಸಿರುಗುಪ್ಪದ ಒಬ್ಬ ಪ್ರಯಾಣಿಕ

ವಿ.ಸೂ.: ಕಿತ್ತುಹೋದ ಗಾಲಿ ನನ್ನ ಕೈಚೀಲದಲ್ಲಿಯೇ ಉಳಿದಿದೆ. ರಬ್ಬರು ಗಟ್ಟಿಯಾಗಿದೆ, ಬೇರಿಂಗೂ ಚೆನ್ನಾಗಿದೆ. ತಮ್ಮ ಕಾಮಗಾರಿಗೆ ಎಲ್ಲಾದರೂ ಉಪಯೋಗಕ್ಕೆ ಬರುವುದಿದ್ದರೆ ತಿಳಿಸಿ, ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ.